ಬರೆಯೋದು ಕಿರಿಬಾಟಿ, ಓದೋದು ಕಿರಿಬಾಸ್

ಅವತ್ತು ಡಿಸೆಂಬರ್ 31, ಮಧ್ಯಾಹ್ನ ಮೂರೂವರೆ. ‘ಹೊಸ ವರ್ಷಕ್ಕೆ ಕಾಲಿಟ್ಟ ಮೊದಲ ದೇಶ ಕಿರಿಬಾಟಿ’ ಅಂತ ಲೈವ್‌ನಲ್ಲಿ ಓದಿಬಿಟ್ಟೆ. ಟೆಲಿಪ್ರಾಂಪ್ಟರ್‌ನಲ್ಲಿ ಹಾಗೇ ಇತ್ತು. ಬುಲೆಟಿನ್ ಮುಗಿದ ಮೇಲೆ ಡೆಸ್ಕಿನ ಹುಡುಗನೊಬ್ಬ ಮೆಲ್ಲಗೆ, ‘ಸಾರ್, ಅದು ಕಿರಿಬಾಸ್’ ಅಂದ. ನನಗೆ ಸಿಟ್ಟು ಬಂತು. ಆಮೇಲೆ ಕುತೂಹಲ.

ಅವರ ಬರವಣಿಗೆಯಲ್ಲಿ ‘ಸ’ಕಾರಕ್ಕೆ ಅಕ್ಷರವೇ ಇಲ್ಲ. ‘ಟಿ’ ಅಂತ ಬರೆದು ‘ಸ್’ ಅಂತ ಓದ್ತಾರೆ. 1788ರಲ್ಲಿ ಥಾಮಸ್ ಗಿಲ್ಬರ್ಟ್ ಎಂಬ ಇಂಗ್ಲಿಷ್ ಕ್ಯಾಪ್ಟನ್ ಆ ದಾರಿಯಲ್ಲಿ ಹಾದುಹೋದ. ಹಾದುಹೋದ, ಅಷ್ಟೇ! ಮುಂದೆ ಆ ದ್ವೀಪಗಳಿಗೆ ಅವನ ಹೆಸರೇ ಅಂಟಿಕೊಂಡಿತು. ‘ಗಿಲ್ಬರ್ಟ್ಸ್’ ಅನ್ನೋದು ಅಲ್ಲಿನವರ ನಾಲಿಗೆಯಲ್ಲಿ ಕಿರಿಬಾಸ್ ಆಯಿತು. ತುಂಗಾರು ಎಂಬ ಹಳೆಯ ಹೆಸರು ಇತ್ತು. ಆದರೆ ಫೀನಿಕ್ಸ್ ಮತ್ತು ಲೈನ್ ದ್ವೀಪಗಳು ಅದರೊಳಗೆ ಬರ್ತಿರಲಿಲ್ಲ. 1979ರ ಜುಲೈ 12ರಂದು ಸ್ವಾತಂತ್ರ್ಯ ಬಂದಾಗ ಕಿರಿಬಾಸ್ ಉಳಿಯಿತು. 1777ರ ಕ್ರಿಸ್‌ಮಸ್ ಹಿಂದಿನ ದಿನ ಕ್ಯಾಪ್ಟನ್ ಕುಕ್ ಕಂಡ ದ್ವೀಪ ಇವತ್ತು ‘ಕಿರಿಟಿಮಾಟಿ’. ಹೇಗೆ ಓದಬೇಕು, ಈಗ ನೀವೇ ಹೇಳಿ.

ದ್ವೀಪಗಳು 33, ನೆಲ ಕೇವಲ 811 ಚದರ ಕಿಲೋಮೀಟರ್. ಆದರೆ ಭೂಮಿಯ ನಾಲ್ಕೂ ಗೋಲಾರ್ಧಗಳಲ್ಲಿ ಹರಡಿದೆ. ಅಂತರರಾಷ್ಟ್ರೀಯ ದಿನರೇಖೆ ದೇಶವನ್ನೇ ಸೀಳಿತ್ತು. ರಾಜಧಾನಿ ತರಾವಾದಲ್ಲಿ ಸೋಮವಾರವಾದರೆ ಪೂರ್ವದ ದ್ವೀಪಗಳಲ್ಲಿ ಇನ್ನೂ ಭಾನುವಾರ. ಎರಡೂ ಕಡೆಯ ಕಚೇರಿಗಳು ಒಟ್ಟಿಗೆ ತೆರೆದಿರ್ತಿದ್ದದ್ದು ವಾರಕ್ಕೆ ನಾಲ್ಕೇ ದಿನ! 1995ರಲ್ಲಿ ಸರ್ಕಾರ ಆ ರೇಖೆಯನ್ನೇ ಪೂರ್ವಕ್ಕೆ ತಳ್ಳಿಬಿಟ್ಟಿತು. ಹೊಸ ವರ್ಷ ಮೊದಲು ಅಲ್ಲಿಗೇ ಬರೋದು ಅದಕ್ಕೇ.

ಟೀವಿಯಲ್ಲಿ ನಾವು ತೋರಿಸೋದು ಇಷ್ಟೇ, ಪಟಾಕಿ ಮತ್ತು ಕುಣಿತ. ಬಾನಾಬಾ ವಿಷಯ ಹೇಳೋದಿಲ್ಲ. ಅಲ್ಲಿನ ದ್ವೀಪಗಳೆಲ್ಲ ಸಮುದ್ರಮಟ್ಟದಿಂದ ಎರಡು ಮೂರು ಮೀಟರ್ ಎತ್ತರದ ಹವಳದ ಪಟ್ಟಿಗಳು. ಎತ್ತರದ್ದು ಅಂತ ಇದ್ದದ್ದು ಬಾನಾಬಾ ಒಂದೇ, ಸುಮಾರು 80 ಮೀಟರ್. ಅದರೊಳಗೆ ಫಾಸ್ಫೇಟ್ ಸಿಕ್ಕಿತು. 1900ರಿಂದ ಅಗೆದು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹೊಲಗಳಿಗೆ ಗೊಬ್ಬರ ಮಾಡಿದರು. 1945ರಲ್ಲಿ, ಯುದ್ಧ ಮುಗಿದ ಮೇಲೆ, ಬ್ರಿಟಿಷರು ಅಲ್ಲಿನ ಜನರನ್ನು ಹಡಗು ಹತ್ತಿಸಿ ಫಿಜಿಯ ರಾಂಬಿ ದ್ವೀಪದಲ್ಲಿ ಇಳಿಸಿದರು. ಗಣಿ ಬರಿದಾದದ್ದು ಯಾವಾಗ ಗೊತ್ತಾ? 1979ರಲ್ಲಿ. ಸ್ವಾತಂತ್ರ್ಯ ಕೊಟ್ಟ ವರ್ಷವೇ!

ಈಗ ಸಮುದ್ರ ಏರ್ತಿದೆ, ಬಾವಿಗಳಲ್ಲಿ ಉಪ್ಪುನೀರು. 2014ರಲ್ಲಿ ಅಧ್ಯಕ್ಷ ಅನೋಟೆ ಟಾಂಗ್ ಅವರ ಸರ್ಕಾರ ಬೇರೊಂದು ದೇಶದಲ್ಲಿ ಸುಮಾರು 20 ಚದರ ಕಿಲೋಮೀಟರ್ ಜಮೀನು ಕೊಂಡಿತು, ಮುಂದೆ ಬೇಕಾದೀತು ಅಂತ. ಯಾವ ದೇಶ ಅಂದಿರಾ? ಅದೇ ಫಿಜಿ.