ಕಸ ತೆಗೆದ ಬಾಬ್ತು

ನನ್ನ ಅಂಗಡಿಯ ಹಳೆಯ ಬಿಲ್ ಬುಕ್ಕುಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: ‘ಕಸ ತೆಗೆದ ಬಾಬ್ತು – 100’. ಅದನ್ನು ಮೊದಲ ಸಲ ಬರೆದದ್ದು 2007ರ ಮಳೆಗಾಲದಲ್ಲಿ. ಗಂಗಾವತಿಯ ಅಕ್ಕಿ ಗಿರಣಿ ಮಾಲೀಕರೊಬ್ಬರು ಎಂಜಿನಿಯರಿಂಗ್ ಸೇರಿದ ಮಗನಿಗೆ ಲ್ಯಾಪ್‌ಟಾಪ್ ಕೊಡಿಸಿದ್ದರು. ಎಂಟು ದಿನವೂ ಆಗಿರಲಿಲ್ಲ, ಅದನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. “ತಮ್ಮಾ, ಹೊಸಾದು ಅಂತ ತಂದೀವಿ. ಮುಂಜಾನೆ ಮುದುಕರು ಎದ್ದಂಗ ಏಳ್ತೈತಿ. ಇದ್ರಾಗಿನ ಕಸ ಒಂದೀಟು ತೆಗದು ಕೊಡಪಾ” ಅಂದರು.

ನಮ್ಮ ಕಡೆ ಕಸ ಅಂದರೆ ಕಸಬರಿಗೆಯಿಂದ ಗುಡಿಸಿ ಹಾಕುವುದು ಮಾತ್ರ ಅಲ್ಲ. ಹೊಲದ ಕಳೆಯೂ ಕಸವೇ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ಮುಗಿದು ಕೆಲವು ವಾರಗಳಾದರೆ ಹೆಣ್ಣುಮಕ್ಕಳು ಗುಂಪುಗೂಡಿ ಗದ್ದೆಗಿಳಿಯುತ್ತಾರೆ. ಅದಕ್ಕೆ ಕಸ ಕೀಳುವುದು ಅನ್ನುತ್ತೇವೆ. ನನ್ನ ತಾಯಿ ಇಪ್ಪತ್ತು ವರ್ಷ ಕಂಡವರ ಗದ್ದೆಯಲ್ಲಿ ಆ ಕೆಲಸ ಮಾಡಿದವಳು. ಗಿರಣಿಯ ಯಜಮಾನರು ಆ ಮಾತು ಆಡಿದಾಗ ನನಗೆ ಕಂಡದ್ದು ಅವಳ ಕೈ. ಬಿಲ್ಲಿನಲ್ಲಿ ‘ಸಾಫ್ಟ್‌ವೇರ್ ಸರ್ವಿಸ್’ ಅಂತ ಬರೆಯಬಹುದಿತ್ತು. ಕಸ ಎಂದೇ ಬರೆದೆ, ಅದೇ ಉಳಿಯಿತು.

ಅದಕ್ಕಿಂತ ಮೊದಲು ಈ ಕೆಲಸ ನಮ್ಮಲ್ಲಿ ಇರಲಿಲ್ಲ. ನಮ್ಮ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ. ಆಗ ಇದ್ದದ್ದು ನಾಲ್ಕೇ ತಾಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಜಿಲ್ಲೆಯ ಜೊತೆ ಕಚೇರಿಗಳು ಬಂದವು, ಕಚೇರಿಗಳ ಜೊತೆ ಕಂಪ್ಯೂಟರ್ ಬಂತು. ಭೂಮಿ ಯೋಜನೆಯಲ್ಲಿ ಪಹಣಿ ಗಣಕಕ್ಕೆ ಏರಿ, ಹದಿನೈದು ರೂಪಾಯಿಗೆ ಮುದ್ರಿತ ಹಾಳೆ ಕೈಗೆ ಸಿಗತೊಡಗಿದ ಮೇಲೆ ತಹಶೀಲ್ದಾರ್ ಕಚೇರಿಗಳ ಎದುರು ಡಿ.ಟಿ.ಪಿ. ಅಂಗಡಿಗಳು ಎದ್ದವು. ನಾನು 2003ರಲ್ಲಿ ಅಂಗಡಿ ತೆರೆದಾಗ ನನ್ನ ಕೈಯಿಂದ ಹೋಗುತ್ತಿದ್ದವೆಲ್ಲ ಜೋಡಿಸಿದ ಕಂಪ್ಯೂಟರುಗಳು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಮದರ್‌ಬೋರ್ಡು, ರ‍್ಯಾಮು, ಕ್ಯಾಬಿನೆಟ್ಟು ರಾತ್ರಿ ಬಸ್ಸಿಗೆ ತರಿಸಿ ಇಲ್ಲಿ ಕೂಡಿಸುತ್ತಿದ್ದೆವು. ವಿಂಡೋಸ್ ಎಕ್ಸ್‌ಪಿ ಹಾಕಿ, ಗಿರಣಿಯವರಿಗೆ ಟ್ಯಾಲಿ, ಡಿ.ಟಿ.ಪಿ.ಯವರಿಗೆ ಪೇಜ್‌ಮೇಕರ್ ಜೊತೆಗೆ ಕನ್ನಡ ಗಣಕ ಪರಿಷತ್ತಿನ ನುಡಿ ಇಲ್ಲವೇ ಶೇಷಾದ್ರಿವಾಸು ಅವರ ಬರಹ ಹಾಕಿಕೊಟ್ಟರೆ ಮುಗಿಯಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿತ ಹುಡುಗಿಯರು ಕಣ್ಣುಮುಚ್ಚಿ ಅರ್ಜಿ ಟೈಪ್ ಮಾಡುತ್ತಿದ್ದರು. ಆ ಯಂತ್ರಗಳಲ್ಲಿ ನಾವು ಹಾಕದ್ದು ಒಂದೂ ಇರುತ್ತಿರಲಿಲ್ಲ.

ಕಂಪನಿಯ ಡಬ್ಬಿಯಲ್ಲಿ ಬಂದ ಲ್ಯಾಪ್‌ಟಾಪುಗಳಿಂದ ಅದು ಬದಲಾಯಿತು. ಗಿರಣಿಯವರ ಲ್ಯಾಪ್‌ಟಾಪಿನಲ್ಲಿ ಅಂದು ನಾನು ಎಣಿಸಿದ ಬೇಡದ ಪ್ರೋಗ್ರಾಮುಗಳು ಹತ್ತೊಂಬತ್ತು. ಎರಡು ಆಂಟಿವೈರಸ್, ಎರಡಕ್ಕೂ ಎರಡೆರಡು ತಿಂಗಳ ಆಯುಷ್ಯ. ಒಂದು ಗಂಟೆ ಆಡಿದ ಮೇಲೆ ದುಡ್ಡು ಕೇಳುವ ಆಟಗಳು. ಡಿ.ವಿ.ಡಿ. ಬರೆಯುವ ಅರೆಬರೆ ಆವೃತ್ತಿ. ಫೋಟೋ ಮುದ್ರಿಸಿ ಮನೆಗೆ ಕಳಿಸುವ ಒಂದು ಸೇವೆ. ಅದು ಗಂಗಾವತಿಗೆ ಬರುವುದಿರಲಿ, ಭಾರತಕ್ಕೇ ಬರುತ್ತಿರಲಿಲ್ಲ. ವಿಂಡೋಸ್ ವಿಸ್ಟಾಕ್ಕೆ ಕನಿಷ್ಠ ಬೇಕಾದ 512 ಎಂ.ಬಿ. ರ‍್ಯಾಮು ಇದ್ದ ಯಂತ್ರ ಅದು. ಇವೆಲ್ಲ ಒಟ್ಟಿಗೆ ಏಳುವಷ್ಟರಲ್ಲಿ ಏಳು ನಿಮಿಷ ಆಗುತ್ತಿತ್ತು.

ಯಾಕೆ ಹೀಗೆ ಅಂತ ಯಜಮಾನರು ಕೇಳಿದರು. ಅವರಿಗೆ ವ್ಯಾಪಾರದ ಭಾಷೆಯಲ್ಲೇ ಹೇಳಿದೆ. ಕಂಪ್ಯೂಟರಿನ ಬೆಲೆ ಇಳಿಯುತ್ತ ಬಂದ ಹಾಗೆ ತಯಾರಕರಿಗೆ ಒಂದು ಯಂತ್ರದಲ್ಲಿ ಉಳಿಯುವ ಲಾಭ ಕಡಿಮೆಯಾಯಿತು. ತಮ್ಮ ಸಾಫ್ಟ್‌ವೇರನ್ನು ಮೊದಲೇ ತುಂಬಿ ಕೊಟ್ಟರೆ ಯಂತ್ರಕ್ಕೆ ಇಷ್ಟು ಎಂದು ಕೊಡಲು ಬೇರೆ ಕಂಪನಿಗಳು ತಯಾರಿದ್ದವು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಂದ್ರ ನನ್ನ ಗೋದಾಮಿನ್ಯಾಗ ಮಂದಿ ಚೀಲ ಇಟ್ಟು, ಬಾಡಿಗಿ ಅಂಗಡ್ಯಾಂವ ತೊಗೊಂಡಾನ” ಅಂದರು. ಅದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಇಂದಿನವರೆಗೂ ಓದಿಲ್ಲ.

ಅಂದು ಹತ್ತೊಂಬತ್ತನ್ನೂ ಒಂದೊಂದಾಗಿ ತೆಗೆದೆ, ಮಧ್ಯಾಹ್ನ ಪೂರ್ತಿ ಹೋಯಿತು. ಒಂದನ್ನು ತೆಗೆದರೆ ‘ರೀಸ್ಟಾರ್ಟ್ ಮಾಡು’ ಅನ್ನುತ್ತಿತ್ತು, ಇನ್ನೊಂದು ‘ನಿಜವಾಗಿಯೂ ಹೋಗಬೇಕೇ’ ಎಂದು ಮೂರು ಸಲ ಕೇಳುತ್ತಿತ್ತು. ಮುಂದಿನ ತಿಂಗಳು ಹುಬ್ಬಳ್ಳಿಯ ಗೆಳೆಯನೊಬ್ಬ ಪೆನ್‌ಡ್ರೈವಿನಲ್ಲಿ ಒಂದು ಚಿಕ್ಕ ಫೈಲು ಹಾಕಿಕೊಟ್ಟ. ಹೆಸರು ಪಿಸಿ ಡಿಕ್ರ್ಯಾಪಿಫೈಯರ್. ಅಮೆರಿಕದ ಜೇಸನ್ ಯಾರ್ಕ್ ಎಂಬುವರು ಬರೆದದ್ದು. ಮೊದಲು ಡೆಲ್ ಕಂಪನಿಯ ಯಂತ್ರಗಳಿಗೆಂದು ಮಾಡಿ, ಆ ಹೆಸರಿನಲ್ಲೇ ಕರೆದು, ಆಮೇಲೆ ಎಲ್ಲ ಯಂತ್ರಗಳಿಗೂ ಹೊಂದುವಂತೆ ಹಿಗ್ಗಿಸಿ ಹೆಸರು ಬದಲಿಸಿದ್ದರು. ಅದನ್ನು ಇನ್‌ಸ್ಟಾಲ್ ಮಾಡಬೇಕಿರಲಿಲ್ಲ, ಪೆನ್‌ಡ್ರೈವಿನಿಂದಲೇ ಓಡುತ್ತಿತ್ತು. ಯಂತ್ರದಲ್ಲಿರುವ ಪ್ರೋಗ್ರಾಮುಗಳನ್ನು ತನ್ನ ಪಟ್ಟಿಯ ಜೊತೆ ತಾಳೆ ನೋಡಿ, ಇವು ಕಸ ಇರಬಹುದು ಎಂದು ತೋರಿಸುತ್ತಿತ್ತು. ಗುರುತು ಹಾಕಿದವನ್ನು ಸಾಲಾಗಿ ತೆಗೆಯುತ್ತಿತ್ತು. ಅದಕ್ಕೂ ಮುಂಚೆ, ಏನಾದರೂ ಎಡವಟ್ಟಾದರೆ ಹಿಂದಕ್ಕೆ ಹೋಗಲು ರೀಸ್ಟೋರ್ ಪಾಯಿಂಟ್ ಒಂದನ್ನು ಇಟ್ಟುಕೊಳ್ಳೋಣವೇ ಎಂದು ಕೇಳುತ್ತಿತ್ತು. ಕೆಲಸ ಮುಗಿದ ಮೇಲೆ ತಾನು ಯಂತ್ರದಲ್ಲಿ ಉಳಿಯುತ್ತಿರಲಿಲ್ಲ. ಆ ಗುಣವೇ ನನಗೆ ಎಲ್ಲಕ್ಕಿಂತ ಹಿಡಿಸಿತು. ಗದ್ದೆಗಿಳಿದವಳು ಕಸ ಕಿತ್ತು ಬದುವಿಗೆ ಹಾಕಿ ಮನೆಗೆ ಹೋಗುತ್ತಾಳೆ, ಅಲ್ಲೇ ಗುಡಿಸಲು ಕಟ್ಟುವುದಿಲ್ಲ.

ಕಸ ಹಾಕುವವರಿಗೆ ಅದು ಕಸವೆಂದು ಗೊತ್ತಿತ್ತೇ? ಗೊತ್ತಿತ್ತು. 2008ರ ಮಾರ್ಚಿನಲ್ಲಿ ಸೋನಿ ತನ್ನ ಕೆಲವು ವಾಯೋ ಲ್ಯಾಪ್‌ಟಾಪುಗಳನ್ನು ಈ ಹೆಚ್ಚುವರಿ ಸರಕಿಲ್ಲದೆ ಕೊಡಲು 50 ಡಾಲರ್ ಹೆಚ್ಚಿಗೆ ಕೇಳಿತು. ಜನ ಸಿಟ್ಟಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಪುಕ್ಕಟೆ ಮಾಡಿತು. ಖಾಲಿ ಜಾಗಕ್ಕೂ ಬೆಲೆ ಕಟ್ಟಿದ್ದು ಅಂದು ಬಹಿರಂಗವಾಯಿತು.

ಡಿಕ್ರ್ಯಾಪಿಫೈಯರನ್ನು ಕುರುಡಾಗಿ ನಂಬಬಾರದು ಎಂದು ನಾನು ಕಲಿತದ್ದು ಯಲಬುರ್ಗಾದ ಮಾಸ್ತರರೊಬ್ಬರ ಲ್ಯಾಪ್‌ಟಾಪಿನಿಂದ. ಅವಸರದಲ್ಲಿ ಪಟ್ಟಿಯಲ್ಲಿದ್ದುದಕ್ಕೆಲ್ಲ ಗುರುತು ಹಾಕಿಬಿಟ್ಟೆ. ತಯಾರಕರದೇ ಒಂದು ಸಣ್ಣ ಪ್ರೋಗ್ರಾಮು ಅದರಲ್ಲಿ ಹೋಯಿತು. ಮಾರನೆಯ ದಿನ ಮಾಸ್ತರರು ಬಸ್ಸು ಹಿಡಿದು ವಾಪಸು ಬಂದರು. ವೈಫೈ ಹಚ್ಚುವ ಗುಂಡಿ ಕೆಲಸ ಮಾಡುತ್ತಿಲ್ಲ, ಪರದೆಯ ಬೆಳಕು ಕಡಿಮೆಯಾಗುತ್ತಿಲ್ಲ. ಅವರು ಬಯ್ಯಲಿಲ್ಲ. “ಇರ್ಲಿ ಬಿಡ್ರಿ, ಗೊತ್ತಾತಲ್ಲ” ಅಂದರು. ರೀಸ್ಟೋರ್ ಪಾಯಿಂಟ್ ಇದ್ದುದರಿಂದ ಮರಳಿ ತರಲು ಆಯಿತು.

ಆ ರಾತ್ರಿ ತಾಯಿಗೆ ಇದನ್ನು ಹೇಳಿದೆ. ಭತ್ತದ ಗದ್ದೆಯಲ್ಲಿ ಭತ್ತದಂತೆಯೇ ಕಾಣುವ ಒಂದು ಹುಲ್ಲು ಬೆಳೆಯುತ್ತದೆ. ಹೊಸಬರು ಹುಲ್ಲು ಬಿಟ್ಟು ಸಸಿ ಕಿತ್ತುಬಿಡುತ್ತಾರೆ. “ಮ್ಯಾಲಿಂದ ನೋಡಬಾರದಪಾ. ಎಲಿ ದಂಟಿಗೆ ಕೂಡೂ ಕಡೆ ನೋಡು. ಭತ್ತಕ್ಕ ಅಲ್ಲಿ ತೆಳ್ಳಗ ಒಂದು ಪರಿ ಇರ್ತೈತಿ, ಹುಲ್ಲಿಗೆ ಇರಂಗಿಲ್ಲ” ಅಂದಳು. ಅಂದಿನಿಂದ ಯಾವ ಪ್ರೋಗ್ರಾಮನ್ನೂ ಹೆಸರು ನೋಡಿ ತೆಗೆದಿಲ್ಲ. ಅದು ಯಾವ ಫೋಲ್ಡರಿನಲ್ಲಿದೆ, ಯಾರು ಸಹಿ ಹಾಕಿದ್ದಾರೆ, ಯಂತ್ರದ ಯಾವ ಭಾಗಕ್ಕೆ ಅಂಟಿಕೊಂಡಿದೆ ಎಂದು ನೋಡಿಯೇ ತೆಗೆಯುತ್ತೇನೆ. ನನ್ನಲ್ಲಿ ಕೆಲಸ ಕಲಿತ ಹುಡುಗರಿಗೂ ಮೊದಲು ಹೇಳಿಕೊಟ್ಟದ್ದು ಇದನ್ನೇ.

2010ರ ನಂತರ ಕಸ ಬರುವ ದಾರಿ ಬದಲಾಯಿತು. ತಯಾರಕರ ಡಬ್ಬಿಯಿಂದ ಬಂದದ್ದಕ್ಕಿಂತ ಹೆಚ್ಚು, ಜನ ತಾವೇ ಇಳಿಸಿಕೊಂಡ ಪುಕ್ಕಟೆ ಪ್ರೋಗ್ರಾಮುಗಳ ಬೆನ್ನಿಗೆ ಕಟ್ಟಿಕೊಂಡು ಬರತೊಡಗಿತು. ದೊಡ್ಡ ಹೆಸರಿನವರೂ ಇದರಿಂದ ಹೊರತಾಗಿರಲಿಲ್ಲ. ಒರೇಕಲ್‌ನ ಜಾವಾ ಹಾಕಿದರೆ ಜೊತೆಗೆ ಆಸ್ಕ್ ಟೂಲ್‌ಬಾರ್ ಹಾಕುವ ಗುರುತು ಮೊದಲೇ ಬಿದ್ದಿರುತ್ತಿತ್ತು. ಮುಕ್ತ ತಂತ್ರಾಂಶದ ಮನೆಯೆನಿಸಿದ್ದ ಸೋರ್ಸ್‌ಫೋರ್ಜ್ ಕೂಡ 2013ರಲ್ಲಿ ಜಾಹೀರಾತು ಕಟ್ಟಿದ ಇನ್‌ಸ್ಟಾಲರುಗಳನ್ನು ಶುರುಮಾಡಿತು. ಆ ವರ್ಷವೇ, ಚಿತ್ರ ತಿದ್ದುವ ಗಿಂಪ್ ಪ್ರೋಗ್ರಾಮಿನ ತಂಡ ಅಲ್ಲಿಂದ ಹೊರಬಂತು. 2016ರಲ್ಲಿ ಹೊಸ ಮಾಲೀಕರು ಬಂದ ಮೇಲೆ ಆ ಪದ್ಧತಿ ನಿಂತಿತು.

ಇಲ್ಲಿ ನಾನು ಸ್ವಲ್ಪ ನಿಂತು ಹೇಳಬೇಕು. ಈ ವ್ಯಾಪಾರ ಎಲ್ಲ ಕಡೆಯೂ ನಡೆಯಿತು. ಆದರೆ ನಮ್ಮ ಊರುಗಳಲ್ಲಿ ಅದು ಇನ್ನೂ ಸಲೀಸಾಗಿ ನಡೆಯಿತು, ಕಾರಣ ಭಾಷೆ. ಆ ಪರದೆಗಳೆಲ್ಲ ಇಂಗ್ಲಿಷಿನಲ್ಲಿ. ಗುರುತು ಮೊದಲೇ ಹಾಕಿರುತ್ತದೆ, ಒಲ್ಲೆ ಅನ್ನುವ ಸಾಲು ಮಬ್ಬು ಬಣ್ಣದಲ್ಲಿ, ಸಣ್ಣ ಅಕ್ಷರದಲ್ಲಿ. ಕಂಪ್ಯೂಟರ್ ತರಗತಿಗಳಲ್ಲಿ ನಾವೇ ಮಕ್ಕಳಿಗೆ ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಅಂತ ಮಂತ್ರದ ಹಾಗೆ ಕಲಿಸಿದ್ದೆವು. ಓದಲು ಬಾರದ ಭಾಷೆಯಲ್ಲಿ ಪಡೆದ ಒಪ್ಪಿಗೆಯನ್ನು ನಾನು ಒಪ್ಪಿಗೆ ಎನ್ನಲಾರೆ. ಓದು ಬಾರದ ರೈತನ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಗಳ ಕಥೆ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು.

ಕುಷ್ಟಗಿಯಲ್ಲಿ ಡಿ.ಟಿ.ಪಿ. ನಡೆಸುತ್ತಿದ್ದ ಒಬ್ಬ ಹೆಣ್ಣುಮಗಳು 2013ರಲ್ಲಿ ತಾವರಗೇರಾ ಮಾರ್ಗದ ಬಸ್ಸಿನಲ್ಲಿ ಸಿ.ಪಿ.ಯು.ವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಪಿ.ಡಿ.ಎಫ್. ಮಾಡುವ ಪ್ರೋಗ್ರಾಮಿಗಾಗಿ ದೊಡ್ಡ ಹಸಿರು ಗುಂಡಿ ಒತ್ತಿದ್ದಳು. ಪ್ರೋಗ್ರಾಮು ಬಂದಿತ್ತು, ಜೊತೆಗೆ ಮೂರು ಟೂಲ್‌ಬಾರು ಬಂದು, ಮುಖಪುಟ ಬದಲಾಗಿ, ಎಲ್ಲಿ ಒತ್ತಿದರೂ ಜಾಹೀರಾತು. ಲಗ್ನಪತ್ರಿಕೆ ಮಾಡಿಸಲು ಬಂದ ಹಿರಿಯರ ಮುಂದೆ ನೋಡಬಾರದ ಚಿತ್ರ ಬಂದು, ಸೆರಗಿನಿಂದ ಪರದೆ ಮುಚ್ಚಿದ್ದಳಂತೆ. ಆ ಅಂಗಡಿ ಅವಳ ಮನೆಯ ಅನ್ನ. “ಅಣ್ಣಾ, ನಾನೇನೂ ಅಂಥಾದ್ದು ನೋಡಿಲ್ಲರೀ” ಅನ್ನುವಾಗ ಅವಳ ಕಣ್ಣಲ್ಲಿ ನೀರಿತ್ತು. “ತಂಗೀ, ಇದು ನಿನ್ನ ತಪ್ಪಲ್ಲ” ಎಂದು ಎಷ್ಟು ಹೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ.

ಅಷ್ಟರಲ್ಲಿ ನನ್ನ ಪೆನ್‌ಡ್ರೈವಿಗೆ ಎರಡನೆಯ ಆಯುಧ ಬಂದಿತ್ತು: ಆಡ್‌ಡಬ್ಲ್ಯೂಕ್ಲೀನರ್. ಎಕ್ಸ್‌ಪ್ಲೋಡ್ ಎಂಬ ಅಡ್ಡಹೆಸರಿನ ಫ್ರಾನ್ಸಿನ ತರುಣ 2011ರಲ್ಲಿ ಮಾಡಿ ಪುಕ್ಕಟೆ ಕೊಟ್ಟದ್ದು. 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಕಂಪನಿ ಅದನ್ನು ಕೊಂಡಿತು. ಅದು ಫೋಲ್ಡರು, ರಿಜಿಸ್ಟ್ರಿ, ಬ್ರೌಸರು ಎಲ್ಲವನ್ನೂ ಜಾಲಾಡಿ, ಸಿಕ್ಕಿದ್ದನ್ನು ತೆಗೆದು, ಏನೇನು ತೆಗೆದೆ ಎಂದು ಒಂದು ಸಾದಾ ಫೈಲಿನಲ್ಲಿ ಬರೆದಿಡುತ್ತಿತ್ತು. ಆ ಫೈಲನ್ನು ಮುದ್ರಿಸಿ ಅವಳ ಕೈಗೆ ಕೊಟ್ಟೆ. ನಾಲ್ಕು ಹಾಳೆ. ಒಂದೊಂದು ಸಾಲಿನ ಎದುರು, ಯಾವುದು ಯಾವ ಪ್ರೋಗ್ರಾಮಿನ ಜೊತೆ ಬಂತು ಎಂದು ಪೆನ್ನಿನಲ್ಲಿ ಕನ್ನಡದಲ್ಲಿ ಬರೆದೆ. ಅದನ್ನು ಓದಿದ ಮೇಲೆ ಅವಳ ಮುಖ ತಿಳಿಯಾಯಿತು. ಮುಂದೆ ಆ ಹಾಳೆಗಳನ್ನು ಲ್ಯಾಮಿನೇಟ್ ಮಾಡಿಸಿ ಅಂಗಡಿಯ ಗೋಡೆಗೆ ಹಚ್ಚಿದಳು. ಕುಷ್ಟಗಿಯ ಇನ್ನೂ ಕೆಲವು ಅಂಗಡಿಯವರು ಅದನ್ನು ನೋಡಿ ಕಲಿತರು. ಪ್ರತಿ ಗಿರಾಕಿಗೂ ಆ ಪಟ್ಟಿ ಮುದ್ರಿಸಿ ಕೊಡುವುದು ನನ್ನ ಅಂಗಡಿಯ ಪದ್ಧತಿಯಾದದ್ದು ಅವಳಿಂದ.

ಕಸ ಬರೀ ಯಂತ್ರವನ್ನು ನಿಧಾನ ಮಾಡುತ್ತದೆ ಎಂದುಕೊಂಡಿದ್ದವರಿಗೆ 2015ರ ಫೆಬ್ರವರಿ ಕಣ್ಣು ತೆರೆಸಿತು. ಲೆನೊವೊ 2014ರ ಕೊನೆಯ ತಿಂಗಳುಗಳಲ್ಲಿ ಮಾರಿದ ಕೆಲವು ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ಪ್ರೋಗ್ರಾಮು ಇತ್ತು. ಸುರಕ್ಷಿತ ಜಾಲತಾಣಗಳ ಒಳಗೂ ಜಾಹೀರಾತು ತೂರಿಸಲು ಅದು ತನ್ನದೇ ಸರ್ಟಿಫಿಕೇಟ್ ನೆಟ್ಟಿತ್ತು, ಎಲ್ಲ ಯಂತ್ರಗಳಿಗೂ ಒಂದೇ ಕೀಲಿ. ರಾಬರ್ಟ್ ಗ್ರಹಾಂ ಎಂಬ ತಜ್ಞರು ಕೆಲವೇ ಗಂಟೆಗಳಲ್ಲಿ ಅದರ ಪಾಸ್‌ವರ್ಡ್ ಬಿಡಿಸಿದರು. ಸುರಕ್ಷಿತ ಸಂಪರ್ಕದ ನಡುವೆ ನುಗ್ಗುವ ಅದರ ತುಣುಕನ್ನು ಮಾಡಿದ ಕಂಪನಿಯ ಹೆಸರೇ ಪಾಸ್‌ವರ್ಡ್ ಆಗಿತ್ತು. ಅಂದರೆ ಅಂಥ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ಪುಟ ತೆರೆದರೆ, ಅದೇ ವೈಫೈಯಲ್ಲಿ ಕುಳಿತ ಕಳ್ಳ ನಡುವೆ ನಿಲ್ಲಬಹುದಿತ್ತು. ಲೆನೊವೊ ಕ್ಷಮೆ ಕೇಳಿ, ತೆಗೆಯುವ ಉಪಕರಣವನ್ನು ತಾನೇ ಬಿಡುಗಡೆ ಮಾಡಿತು. 2017ರಲ್ಲಿ ಅಮೆರಿಕದ 32 ರಾಜ್ಯಗಳಿಗೆ 35 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ವಾರ ಅಂಗಡಿಗೆ ಬಂದ ಪ್ರತಿ ಲ್ಯಾಪ್‌ಟಾಪಿನ ಸರ್ಟಿಫಿಕೇಟ್ ಪಟ್ಟಿಯನ್ನು ನಾನು ತೆರೆದು ನೋಡಿದೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ‘ಕಸ ತೆಗೆದ ಬಾಬ್ತು’ ಬಿಲ್ಲು ಅಪರೂಪ. ವಿಂಡೋಸ್ 10 ಬಂದ ಮೇಲೆ ಅದರ ಒಳಗಿನ ಕಾವಲೇ ಇಂಥ ಎಷ್ಟೋ ಪ್ರೋಗ್ರಾಮುಗಳನ್ನು ತಡೆಯುತ್ತದೆ. ಜನ ತರುವುದು ಮೊಬೈಲು. ಕೊಪ್ಪಳದ ಗವಿಮಠದ ಜಾತ್ರೆಯ ಫೋಟೋ ತೆಗೆಯಲು ಜಾಗ ಇಲ್ಲ ಎಂದು ಒಬ್ಬ ಅಜ್ಜ ಈ ವರ್ಷ ಬಂದಿದ್ದರು. ಬಳಸದ ಆ್ಯಪುಗಳು ಹನ್ನೆರಡು. ಅವುಗಳಲ್ಲಿ ಐದಕ್ಕೆ ತೆಗೆಯುವ ಗುಂಡಿಯೇ ಇಲ್ಲ, ಮಲಗಿಸಬಹುದು ಅಷ್ಟೇ. 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ ₹1,337.76 ಕೋಟಿ ದಂಡ ಹಾಕಿದಾಗ, ಮೊದಲೇ ಹಾಕಿದ ತನ್ನ ಆ್ಯಪುಗಳನ್ನು ಬಳಕೆದಾರರು ತೆಗೆಯುವುದಕ್ಕೆ ಅಡ್ಡಿ ಮಾಡಬಾರದು ಎಂದೂ ಹೇಳಿತ್ತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಆ ನಿರ್ದೇಶನವೂ ಸೇರಿ ನಾಲ್ಕನ್ನು ರದ್ದುಪಡಿಸಿತು. ನನ್ನ ಪ್ರಕಾರ ಆ್ಯಪು ತೆಗೆಯುವ ಆ ನಿರ್ದೇಶನ ಉಳಿಯಬೇಕಿತ್ತು. ದುಡ್ಡು ಕೊಟ್ಟು ಕೊಂಡವನಿಗೆ ತನ್ನ ವಸ್ತುವಿನಿಂದ ಬೇಡದ್ದನ್ನು ತೆಗೆಯುವ ಹಕ್ಕು ಇರಲೇಬೇಕು.

ಈ ಇಪ್ಪತ್ತು ವರ್ಷದ ಕೆಲಸ ಯಾವ ಗೆಜೆಟಿಯರಿನಲ್ಲೂ ಬರೆದಿಲ್ಲ. ಗಂಗಾವತಿಯ ಗಂಜಿನ ಓಣಿಗಳಲ್ಲಿ, ಕುಷ್ಟಗಿ ಮತ್ತು ಯಲಬುರ್ಗಾದ ಬಸ್ ನಿಲ್ದಾಣದ ಎದುರು, ಕೊಪ್ಪಳದ ಕಚೇರಿ ರಸ್ತೆಗಳಲ್ಲಿ ಇಂಥ ಅಂಗಡಿ ನಡೆಸಿದವರು ಎಷ್ಟೋ ಜನ. ಹಲವರು ಈಗ ಮೊಬೈಲ್ ಮಾರುತ್ತಾರೆ, ಕೆಲವರು ಊರು ಬಿಟ್ಟಿದ್ದಾರೆ. ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಬಿಲ್ ಬುಕ್ಕು, ಡ್ರೈವರ್ ಸಿ.ಡಿ., ಗಿರಾಕಿಗಳ ದೂರು ಬರೆದಿಟ್ಟ ನೋಟ್‌ಬುಕ್ಕು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.