ಹೈಬ್ರಿಡ್, ಪ್ಲಗ್-ಇನ್, ಇವಿ: ಯಾವುದಕ್ಕೆ ವೈರ್ ಬೇಕು, ಯಾವುದಕ್ಕೆ ಬೇಡ? ಗಾಡಿ ಬುಕ್ ಮಾಡೋ ಮುಂಚೆ ಓದಿ

ಶೋರೂಂಗೆ ಹೋದವರ ಕಿವಿಗೆ ಈಗ ಮೊದಲು ಬೀಳೋ ಮಾತು 'ಹೈಬ್ರಿಡ್'. ಆದರೆ ಈ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಥರದ ಗಾಡಿಗಳಿವೆ. ಅಡ್ವಾನ್ಸ್ ಕೊಡೋ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಬ್ಯಾಟರಿಗೆ ಕರೆಂಟ್ ಎಲ್ಲಿಂದ ಬರುತ್ತೆ?

ಮೈಲ್ಡ್ ಹೈಬ್ರಿಡ್ ಹೆಚ್ಚುಕಮ್ಮಿ ಹೆಸರಿಗಷ್ಟೇ. ಸಣ್ಣ ಮೋಟರ್ ಎಂಜಿನ್‌ಗೆ ಸಾಥ್ ಕೊಡುತ್ತೆ, ಬರೀ ಕರೆಂಟ್‌ನಲ್ಲಿ ಗಾಡಿ ಓಡಲ್ಲ. 2015ರಲ್ಲಿ ಮಾರುತಿ ಸಿಯಾಜ್ ಡೀಸೆಲ್‌ನಲ್ಲಿ ಬಂದಿದ್ದು ಇದೇ. ಇಂಥವಕ್ಕೆ ಕೇಂದ್ರದ ಫೇಮ್ ಸಬ್ಸಿಡಿ ಇತ್ತು, 2017ರ ಏಪ್ರಿಲ್‌ಗೆ ನಿಂತಿತು.

ಸ್ಟ್ರಾಂಗ್ ಹೈಬ್ರಿಡ್ ನಿಧಾನಕ್ಕೆ ಹೋಗುವಾಗ ಸ್ವಲ್ಪ ದೂರ ಮೋಟರ್‌ನಲ್ಲೇ ಓಡುತ್ತೆ. ಬ್ರೇಕ್ ಹಾಕಿದಾಗ ವ್ಯರ್ಥವಾಗೋ ಶಕ್ತಿ ವಾಪಸ್ ಬ್ಯಾಟರಿಗೆ ಹೋಗುತ್ತೆ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈರೈಡರ್, ಇನ್ನೋವಾ ಹೈಕ್ರಾಸ್‌ನಲ್ಲಿ ಇದು ಸಿಗುತ್ತೆ. ಮಾರುತಿ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ಗೆ ಪರೀಕ್ಷೆಯಲ್ಲಿ ಸಿಕ್ಕ ಮೈಲೇಜ್ 27.97 ಕಿ.ಮೀ. (ರಸ್ತೆಯಲ್ಲಿ ಅಷ್ಟು ಬರಲ್ಲ ಬಿಡಿ.) ಇವಕ್ಕೆ ಚಾರ್ಜಿಂಗ್ ವೈರ್ ಇಲ್ಲ. ಹೈರೈಡರ್ ಬ್ಯಾಟರಿ ಒಂದು ಯೂನಿಟ್ ಕರೆಂಟ್ ಕೂಡ ಹಿಡಿಯಲ್ಲ. ಅಂದರೆ ಬಂಕ್‌ಗೆ ಹೋಗೋದು ತಪ್ಪಲ್ಲ. ನಿಂತು ಹೊರಡೋ ಊರೊಳಗೆ ಲಾಭ ಜಾಸ್ತಿ, ಹೈವೇಯಲ್ಲಿ ಕಮ್ಮಿ.

ಪ್ಲಗ್-ಇನ್ ಹೈಬ್ರಿಡ್‌ಗೆ ವೈರೂ ಉಂಟು, ಪೆಟ್ರೋಲ್ ಟ್ಯಾಂಕೂ ಉಂಟು. ದಿನದ ಓಡಾಟ ಕರೆಂಟ್‌ನಲ್ಲಿ, ದೂರದ ಊರಿಗೆ ಪೆಟ್ರೋಲ್‌ನಲ್ಲಿ. ಚೀನಾದ ಬಿವೈಡಿ 2008ರಲ್ಲೇ ಇಂಥ ಕಾರು ಮಾರಿತ್ತು. ನಮ್ಮಲ್ಲಿ ಬಂದಿರೋದು ಹೆಚ್ಚಾಗಿ ದುಬಾರಿ ಕಾರುಗಳಲ್ಲೇ. ಯುರೋಪ್‌ನಲ್ಲಿ ಒಂದು ಪಾಠ ಸಿಕ್ಕಿದೆ: ಇವುಗಳ ಹೊಗೆ ಪರೀಕ್ಷೆಯ ಲೆಕ್ಕಕ್ಕಿಂತ ಸರಾಸರಿ ಮೂರೂವರೆ ಪಟ್ಟು ಎಂದು ಯುರೋಪಿಯನ್ ಕಮಿಷನ್ 2024ರಲ್ಲಿ ಹೇಳಿತು. ಮುಖ್ಯ ಕಾರಣ, ಅಂದುಕೊಂಡಷ್ಟು ಯಾರೂ ಚಾರ್ಜ್ ಮಾಡ್ತಿಲ್ಲ.

ಪೂರ್ತಿ ಬ್ಯಾಟರಿ ಗಾಡಿ ಅಂದರೆ ಇವಿ. ನಂಬರ್ ಪ್ಲೇಟ್ ಹಸಿರು; ಬಾಡಿಗೆ ಗಾಡಿಯಾದರೆ ಹಸಿರಿನ ಮೇಲೆ ಹಳದಿ ಅಕ್ಷರ. ಇದಕ್ಕೆ ಜಿಎಸ್‌ಟಿ 5%. 2025ರ ಸೆಪ್ಟೆಂಬರ್ 22ರ ನಂತರ ಸಣ್ಣ ಪೆಟ್ರೋಲ್ ಹೈಬ್ರಿಡ್‌ಗೆ 18%, 4 ಮೀಟರ್‌ಗಿಂತ ಉದ್ದದ್ದಕ್ಕೆ 40%.

ಗೃಹಜ್ಯೋತಿ ಲೆಕ್ಕ ಮರೀಬೇಡಿ

ಊರಲ್ಲಿ ಹೆಚ್ಚು ಜನ ಕೊಳ್ಳೋದು ಎಲೆಕ್ಟ್ರಿಕ್ ಸ್ಕೂಟರ್. ಅಂಗಡಿಗೆ ಮನೆಗೆ ಅಂತ ದಿನಕ್ಕೆ 40 ಕಿ.ಮೀ.ನಂತೆ 26 ದಿನ ಓಡಿಸಿದರೆ ತಿಂಗಳಿಗೆ ಸುಮಾರು 35 ಯೂನಿಟ್ ಬೇಕು. ಲೀಟರ್‌ಗೆ 50 ಕಿ.ಮೀ. ಕೊಡೋ ಪೆಟ್ರೋಲ್ ಸ್ಕೂಟರ್‌ಗೆ ಅಷ್ಟೇ ದೂರಕ್ಕೆ 21 ಲೀಟರ್, ಅಂದರೆ 2 ಸಾವಿರ ದಾಟುತ್ತೆ.

ಆದರೆ ಗೃಹಜ್ಯೋತಿಯಲ್ಲಿ ಮನೆಗೆ ನಿಗದಿಯಾದ ಉಚಿತ ಯೂನಿಟ್ ಮೀರಿದರೆ ಹೆಚ್ಚುವರಿಗೆ ದುಡ್ಡು ಕಟ್ಟಬೇಕು. ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈಗ 170 ಯೂನಿಟ್ ಉರಿಸೋ ಮನೆ ಸ್ಕೂಟರ್ ಬಂದ ಮೇಲೆ 205ಕ್ಕೆ ಹೋಗುತ್ತೆ. ನಿಗದಿತ ಶುಲ್ಕ, ತೆರಿಗೆ ಸೇರಿ ಬಿಲ್ ಒಂದೂವರೆ ಸಾವಿರ ದಾಟಬಹುದು. ಪೆಟ್ರೋಲ್‌ನಲ್ಲಿ ಉಳಿಸಿದ್ದರಲ್ಲಿ ಮುಕ್ಕಾಲು ಪಾಲು ಅಲ್ಲೇ ಹೋಯ್ತು. 80-90 ಯೂನಿಟ್ ಉರಿಸೋ ಮನೆಗೆ ಈ ತೊಂದರೆ ಇಲ್ಲ, ಹೆಚ್ಚುವರಿ ಯೂನಿಟ್‌ಗಷ್ಟೇ ಕಟ್ಟಿದರೆ ಸಾಕು.

ಅಂಗಡಿಯಲ್ಲಿ ಚಾರ್ಜ್ ಮಾಡ್ತೀವಿ ಅನ್ನೋರಿಗೆ ಗೃಹಜ್ಯೋತಿ ಅನ್ವಯಿಸಲ್ಲ, ವಾಣಿಜ್ಯ ಮೀಟರ್‌ನ ದರವೂ ಬೇರೆ. ಗಾಡಿ ಮನೆಗೆ ಬರೋ ಮುಂಚೆ ಕಳೆದ ಆರು ತಿಂಗಳ ಕರೆಂಟ್ ಬಿಲ್ ತೆಗೆದು ನೋಡಿ. ಎಲೆಕ್ಟ್ರೀಷಿಯನ್ ಕರೆಸಿ ಅರ್ಥಿಂಗ್ ಸರಿ ಇದೆಯಾ ಅಂತಲೂ ನೋಡಿಸಿ.