ಆಫ್‌ರೋಡ್ ವಾಹನಗಳ ಎತ್ತರಿಸುವಿಕೆ

ಆಫ್‌ರೋಡ್ ವಾಹನಗಳ ಎತ್ತರಿಸುವಿಕೆ ಎಂದರೆ ಜೀಪು, ಜಿಪ್ಸಿ, ಥಾರ್ ಮುಂತಾದ ನಾಲ್ಕು ಚಕ್ರ ಚಾಲನೆಯ ವಾಹನಗಳಿಗೆ ಕಾರ್ಖಾನೆಯಲ್ಲಿ ಹಾಕಿದ್ದಕ್ಕಿಂತ ದೊಡ್ಡ ಟೈರುಗಳನ್ನೂ ಎತ್ತರದ ಸ್ಪ್ರಿಂಗು ಹಾಗೂ ಷಾಕ್ ಅಬ್ಸಾರ್ಬರುಗಳನ್ನೂ ಅಳವಡಿಸಿ, ನೆಲದಿಂದ ವಾಹನದ ಅಂತರವನ್ನು ಹೆಚ್ಚಿಸುವ ಮಾರ್ಪಾಡು. ಕಲ್ಲು, ಕೆಸರು, ಕೊರಕಲುಗಳನ್ನು ತಳ ತಾಗದಂತೆ ದಾಟುವುದು ಇದರ ಉದ್ದೇಶ. ಟೈರು ಬದಲಿಸುವುದನ್ನೂ ಸಸ್ಪೆನ್ಷನ್ ಎತ್ತರಿಸುವುದನ್ನೂ ಸಾಮಾನ್ಯವಾಗಿ ಒಟ್ಟಿಗೇ ಮಾಡುವುದರಿಂದ ಎರಡೂ ಒಂದೇ ಎಂಬ ಭಾವನೆಯಿದೆ. ಆದರೆ ಅವು ಎತ್ತುವ ಭಾಗಗಳು ಬೇರೆ, ವಾಹನದ ಮೇಲೆ ಹೇರುವ ಹೊರೆಯೂ ಬೇರೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ನೀರಾವರಿ ಗದ್ದೆ, ನಾಲೆಯ ಏರಿ, ಕಲ್ಲುಬೆಟ್ಟ ಹಾಗೂ ಮಳೆಯಾಶ್ರಿತ ಹೊಲಗಳು ಒಂದು ದಿನದ ಓಡಾಟದೊಳಗೇ ಸಿಗುವುದರಿಂದ ಈ ವ್ಯತ್ಯಾಸ ಅಲ್ಲಿ ಚೆನ್ನಾಗಿ ಗೋಚರಿಸುತ್ತದೆ.

ಟೈರಿನ ಗಾತ್ರ ಮತ್ತು ನೆಲದ ಅಂತರ

ಎರಡೂ ಕಡೆ ಗಟ್ಟಿ ಅಚ್ಚುಗಳಿರುವ ವಾಹನದಲ್ಲಿ ನೆಲಕ್ಕೆ ಅತ್ಯಂತ ಸಮೀಪವಿರುವುದು ಅಚ್ಚಿನ ಮೇಲೆ ಗುಂಡಗೆ ಉಬ್ಬಿರುವ ಡಿಫರೆನ್ಷಿಯಲ್. ಸಸ್ಪೆನ್ಷನ್ನನ್ನು ಎಷ್ಟೇ ಎತ್ತರಿಸಿದರೂ ಮೇಲೇರುವುದು ಚಾಸಿ ಮತ್ತು ಒಡಲು ಮಾತ್ರ. ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತಲು ಸಾಮಾನ್ಯವಾಗಿ ಇರುವ ದಾರಿ ದೊಡ್ಡ ಟೈರು. ವ್ಯಾಸ ಹೆಚ್ಚಿದಷ್ಟರಲ್ಲಿ ಅರ್ಧ ಭಾಗ ಮಾತ್ರ ನೆಲದ ಅಂತರಕ್ಕೆ ಸೇರುತ್ತದೆ.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆಗಳಿಂದಲೇ ಇದನ್ನು ಲೆಕ್ಕ ಹಾಕಬಹುದು. ಮಾರುತಿ ಜಿಪ್ಸಿಯ 205/70 ಆರ್15 ಟೈರಿನಲ್ಲಿ ಅಗಲ 205 ಮಿ.ಮೀ.; ಪಾರ್ಶ್ವಗೋಡೆಯ ಎತ್ತರ ಅದರ ಶೇ. 70, ಅಂದರೆ 143.5 ಮಿ.ಮೀ.; ರಿಮ್ಮಿನ ವ್ಯಾಸ 15 ಇಂಚು, ಅಂದರೆ 381 ಮಿ.ಮೀ. ಎರಡು ಪಾರ್ಶ್ವಗೋಡೆ ಮತ್ತು ರಿಮ್ಮು ಸೇರಿ ಒಟ್ಟು ವ್ಯಾಸ 668 ಮಿ.ಮೀ. ಆಗುತ್ತದೆ. ಜಿಪ್ಸಿ ಮಾಲೀಕರು ಬಹುವಾಗಿ ಇಷ್ಟಪಡುವ 235/75 ಆರ್15 ಟೈರಿನ ವ್ಯಾಸ ಇದೇ ಲೆಕ್ಕದಲ್ಲಿ 733.5 ಮಿ.ಮೀ. ಅಚ್ಚು ಮೇಲೇರುವುದು ಸುಮಾರು 33 ಮಿ.ಮೀ., ಒಂದೂಕಾಲು ಇಂಚಿಗೆ ಸ್ವಲ್ಪ ಹೆಚ್ಚು. ನೋಟಕ್ಕೆ ವಾಹನದ ಸ್ವರೂಪವೇ ಬದಲಾದಂತೆ ಕಂಡರೂ ದಕ್ಕಿದ ಎತ್ತರ ಇಷ್ಟೇ.

ದೊಡ್ಡ ಚಕ್ರಕ್ಕೆ ಇನ್ನೊಂದು ಗುಣವಿದೆ. ಅಡ್ಡಬಂದ ಕಲ್ಲನ್ನು ಅದು ಕಡಿಮೆ ಕಡಿದಾದ ಕೋನದಲ್ಲಿ ಹತ್ತುತ್ತದೆ, ಚಿಕ್ಕ ಗುಂಡಿಯೊಳಗೆ ಪೂರ್ತಿ ಇಳಿಯುವುದಿಲ್ಲ. ಹಳೆಯ ಎತ್ತಿನ ಗಾಡಿಗಳ ಮರದ ಚಕ್ರ ಎದೆಯೆತ್ತರಕ್ಕೆ ಇರುತ್ತಿದ್ದುದರ ಪ್ರಯೋಜನವೂ ಇದೇ ಆಗಿತ್ತು.

ಈ ಲಾಭಕ್ಕೆ ತೆರಬೇಕಾದ ಬೆಲೆ ಹಲವು ಕಡೆ ಹಂಚಿಹೋಗಿದೆ. ಮೇಲಿನ ಉದಾಹರಣೆಯಲ್ಲಿ ಟೈರಿನ ಸುತ್ತಳತೆ ಸುಮಾರು ಶೇ. 10ರಷ್ಟು ಹೆಚ್ಚಿದೆ. ಆದ್ದರಿಂದ ವೇಗಮಾಪಕ ಗಂಟೆಗೆ 60 ಕಿ.ಮೀ. ತೋರಿಸುವಾಗ ಮೊದಲಿಗಿಂತ ಶೇ. 10ರಷ್ಟು ಹೆಚ್ಚು ವೇಗದಲ್ಲಿ, ಸುಮಾರು 66 ಕಿ.ಮೀ. ವೇಗದಲ್ಲಿ, ವಾಹನ ಓಡುತ್ತಿರುತ್ತದೆ. ಓಡಿದ ದೂರವೂ ಅಷ್ಟೇ ಪ್ರಮಾಣದಲ್ಲಿ ಕಡಿಮೆ ದಾಖಲಾಗುತ್ತದೆ. ಎಲ್ಲ ಗೇರುಗಳೂ ಅಷ್ಟರಮಟ್ಟಿಗೆ ಭಾರವಾಗುತ್ತವೆ. ಜಿಪ್ಸಿಯ 1.3 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಏರಿನಲ್ಲಿ ಇದು ಕೂಡಲೇ ತಿಳಿಯುತ್ತದೆ. ನಿಧಾನಗತಿಯಲ್ಲಿ ಬಂಡೆ ಹತ್ತುವಾಗ ಚಾಲಕ ಕ್ಲಚ್ಚನ್ನು ಅರ್ಧ ಒತ್ತಿಹಿಡಿಯಬೇಕಾಗಿ ಬಂದು ಅದು ಬೇಗ ಸವೆಯುತ್ತದೆ. ಇದಕ್ಕೆ ಸರಿಯಾದ ಪರಿಹಾರವೆಂದರೆ ಡಿಫರೆನ್ಷಿಯಲ್ ಅಥವಾ ಟ್ರಾನ್ಸ್‌ಫರ್ ಕೇಸಿನ ಹಲ್ಲುಚಕ್ರಗಳ ಅನುಪಾತವನ್ನೇ ಬದಲಿಸುವುದು. ಅದು ಟೈರಿಗಿಂತ ದುಬಾರಿ ಕೆಲಸವಾದ್ದರಿಂದ ಬಹುಪಾಲು ವಾಹನಗಳಲ್ಲಿ ನಡೆಯುವುದೇ ಇಲ್ಲ.

ಬ್ರೇಕಿನ ಮೇಲಾಗುವ ಪರಿಣಾಮ ಇದಕ್ಕಿಂತ ಗಂಭೀರವಾದುದು. ಬ್ರೇಕಿನ ಡ್ರಮ್ಮು ಅಥವಾ ಡಿಸ್ಕು ಹಳೆಯ ಅಳತೆಯದೇ ಆಗಿರುತ್ತದೆ; ಚಕ್ರದ ತ್ರಿಜ್ಯ ಮಾತ್ರ ಬೆಳೆದಿರುತ್ತದೆ. ಹಾಗಾಗಿ ಪೆಡಲಿನ ಅದೇ ಒತ್ತಡಕ್ಕೆ ನೆಲದಲ್ಲಿ ದೊರೆಯುವ ತಡೆಯುವ ಬಲ ಕಡಿಮೆ. ಭಾರವಾದ ಟೈರು ತಿರುಗುತ್ತಿರುವಾಗ ಅದನ್ನು ನಿಲ್ಲಿಸುವ ಶ್ರಮವೂ ಸೇರುತ್ತದೆ. ಕೆಸರಿಗಾಗಿ ಮಾಡಿದ ದಪ್ಪ ಗುಬ್ಬಿಗಳ ಎಂ.ಟಿ. ಟೈರುಗಳಿಗೆ ಒದ್ದೆ ಡಾಂಬರಿನ ಮೇಲೆ ಹಿಡಿತ ಕಡಿಮೆ. ವಾರವೆಲ್ಲ ಹೆದ್ದಾರಿಯಲ್ಲಿ ಓಡಿ ಎಂದೋ ಒಮ್ಮೆ ಕೆಸರಿಗಿಳಿಯುವ ವಾಹನಕ್ಕೆ ಎ.ಟಿ. ಎನ್ನುವ ಮಿಶ್ರಬಳಕೆಯ ಟೈರೇ ಹೆಚ್ಚು ಸೂಕ್ತ.

ಸಸ್ಪೆನ್ಷನ್ ಎತ್ತರಿಸುವುದು

ದೊಡ್ಡ ಟೈರು ಪೂರ್ತಿ ತಿರುಗುವಾಗ ಅಥವಾ ಅಚ್ಚು ಒಂದು ಕಡೆ ಮೇಲೇರಿದಾಗ ಮಡ್‌ಗಾರ್ಡಿಗೆ ಉಜ್ಜದಿರಲು ಜಾಗ ಬೇಕು. ಸಸ್ಪೆನ್ಷನ್ ಎತ್ತರಿಸಲು ಮೊದಲ ಕಾರಣ ಇದು. ಒಡಲಿನ ಕೆಳಭಾಗ, ಇಂಧನ ಟ್ಯಾಂಕು, ಮುಂದಿನ ಮತ್ತು ಹಿಂದಿನ ಬಂಪರುಗಳು ದಿಣ್ಣೆಗೆ ತಾಗುವುದೂ ಇದರಿಂದ ತಪ್ಪುತ್ತದೆ.

ವಿಧಾನವು ವಾಹನದ ರಚನೆಯನ್ನು ಅವಲಂಬಿಸಿದೆ. ಹಳೆಯ ಮಹೀಂದ್ರಾ ಜೀಪುಗಳು ಮತ್ತು 1985ರಲ್ಲಿ ಬಂದ ಜಿಪ್ಸಿಯಲ್ಲಿ ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗುಗಳಿವೆ. ಇವುಗಳಿಗೆ ಒಂದು ಪಟ್ಟಿ ಹೆಚ್ಚು ಸೇರಿಸುವುದು, ಕಮಾನು ಹೆಚ್ಚಿರುವ ಸ್ಪ್ರಿಂಗು ಹಾಕುವುದು ಅಥವಾ ಸ್ಪ್ರಿಂಗನ್ನು ಚಾಸಿಗೆ ಸೇರಿಸುವ ಷಾಕಲ್ಲನ್ನು ಉದ್ದ ಮಾಡುವುದು ರೂಢಿ. ಕೊನೆಯದು ಅಗ್ಗವಾದರೂ ಅತ್ಯಂತ ಕಳಪೆ ವಿಧಾನ. ಅದು ಅಚ್ಚನ್ನೇ ಓರೆಯಾಗಿ ತಿರುಗಿಸುವುದರಿಂದ ಮುಂಭಾಗದಲ್ಲಿ ಕ್ಯಾಸ್ಟರ್ ಕೋನ ಕೆಟ್ಟು, ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೆಟ್ಟಗಾಗುವ ಗುಣ ಕುಂದುತ್ತದೆ. ಅಚ್ಚಿನ ಕೆಳಗಿರುವ ಸ್ಪ್ರಿಂಗನ್ನು ಅಚ್ಚಿನ ಮೇಲಕ್ಕೆ ವರ್ಗಾಯಿಸುವ ವಿಧಾನವೂ ಇದೆ. ಅದರಿಂದ ಹೆಚ್ಚಿನ ಎತ್ತರ ಸಿಗುತ್ತದೆಯಾದರೂ ಸ್ಟಿಯರಿಂಗ್ ಕಡ್ಡಿಗಳು, ಪ್ರೊಪೆಲ್ಲರ್ ಷಾಫ್ಟಿನ ಕೋನ, ಬ್ರೇಕ್ ಕೊಳವೆಗಳ ಉದ್ದ ಎಲ್ಲವನ್ನೂ ಹೊಸದಾಗಿ ಸರಿಪಡಿಸಬೇಕಾಗುತ್ತದೆ. ಎಳೆದು ಬಿಗಿಯಾದ ಬ್ರೇಕ್ ಕೊಳವೆ ಅಚ್ಚು ಕೆಳಗಿಳಿದ ಗಳಿಗೆಯಲ್ಲಿ ಹರಿಯಬಹುದು.

2023ರ ಜಿಮ್ನಿಯಲ್ಲಿ ಗಟ್ಟಿ ಅಚ್ಚುಗಳ ಮೇಲೆ ಕಾಯಿಲ್ ಸ್ಪ್ರಿಂಗುಗಳಿವೆ. ಅಚ್ಚು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡು ಕಮಾನಿನಂತೆ ಚಲಿಸುವುದರಿಂದ, ಎತ್ತರಿಸಿದಾಗ ಇಡೀ ಅಚ್ಚು ಒಂದು ಬದಿಗೆ ಸರಿಯುತ್ತದೆ. ಉದ್ದ ಹೊಂದಿಸಬಹುದಾದ ರಾಡು ಹಾಕಿ ಅದನ್ನು ನಡುವಿಗೆ ತರಬೇಕು. 2020ರ ಥಾರ್‌ನ ಮುಂಭಾಗದಲ್ಲಿ ಗಟ್ಟಿ ಅಚ್ಚಿಲ್ಲ, ಪ್ರತಿ ಚಕ್ರವೂ ಸ್ವತಂತ್ರ. ಅಲ್ಲಿ ಸಿ.ವಿ. ಜಾಯಿಂಟುಗಳು ಸಹಿಸುವ ಕೋನವೇ ಎತ್ತರಕ್ಕೆ ಮಿತಿ. ಅದನ್ನು ಮೀರಿದರೆ ರಬ್ಬರ್ ಹೊದಿಕೆ ಹರಿದು ಜಾಯಿಂಟು ಹಾಳಾಗುತ್ತದೆ.

ಉರುಳುವ ಅಪಾಯ

ವಾಹನ ಪಕ್ಕಕ್ಕೆ ಉರುಳುವ ಕೋನವನ್ನು ಎಡ-ಬಲ ಚಕ್ರಗಳ ನಡುವಿನ ಅಗಲದ ಅರ್ಧಕ್ಕೂ ಗುರುತ್ವ ಕೇಂದ್ರದ ಎತ್ತರಕ್ಕೂ ಇರುವ ಅನುಪಾತ ನಿರ್ಧರಿಸುತ್ತದೆ. ಅಗಲ 1300 ಮಿ.ಮೀ., ಗುರುತ್ವ ಕೇಂದ್ರ 650 ಮಿ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಂಡರೆ ಅನುಪಾತ 1. ಸ್ಪ್ರಿಂಗು, ಟೈರುಗಳ ಬಾಗುವಿಕೆಯನ್ನು ಬಿಟ್ಟು ಹೇಳುವುದಾದರೆ, ನಿಂತ ವಾಹನ 45 ಡಿಗ್ರಿ ಓರೆಯವರೆಗೆ ಉರುಳದು. ಗುರುತ್ವ ಕೇಂದ್ರ 100 ಮಿ.ಮೀ. ಮೇಲೇರಿದರೆ ಈ ಕೋನ ಸುಮಾರು 41 ಡಿಗ್ರಿಗೆ ಇಳಿಯುತ್ತದೆ. ಚಲಿಸುವ ವಾಹನ ಹಠಾತ್ತನೆ ತಿರುಗಿದಾಗ ಇರುವ ಅವಕಾಶ ಇದಕ್ಕಿಂತ ಬಹಳ ಕಡಿಮೆ. ರಿಮ್ಮನ್ನು ಹೊರಚಾಚಿ ಅಗಲ ಹೆಚ್ಚಿಸಿದರೆ ಸ್ವಲ್ಪ ಸರಿದೂಗುತ್ತದೆಯಾದರೂ ಆ ಹೊರೆ ಚಕ್ರದ ಬೇರಿಂಗುಗಳ ಮೇಲೆ ಬೀಳುತ್ತದೆ.

ನಾಲ್ಕು ತಾಲ್ಲೂಕುಗಳ ನೆಲ

ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಪಾಂಡವಪುರ, ಶ್ರೀರಂಗಪಟ್ಟಣದ ಬಯಲಿನಲ್ಲಿ ಭತ್ತದ ಗದ್ದೆ ಮತ್ತು ಕಬ್ಬಿನ ತೋಟಗಳ ನಡುವಿನ ದಾರಿಗಳು ಮಳೆಗಾಲದಲ್ಲಿ ಕೆಸರಾಗುತ್ತವೆ. ಇಂಥಲ್ಲಿ ಎತ್ತರಕ್ಕಿಂತ ಗಾಳಿಯ ಒತ್ತಡವೇ ಹೆಚ್ಚು ಉಪಯುಕ್ತ. ಒತ್ತಡವನ್ನು ಸುಮಾರು 18 ಪಿ.ಎಸ್.ಐ.ಗೆ ಇಳಿಸಿದರೆ ಟೈರು ನೆಲದ ಮೇಲೆ ಉದ್ದಕ್ಕೆ ಹರಡಿ ಹಿಡಿತ ಪಡೆಯುತ್ತದೆ. ಡಾಂಬರು ರಸ್ತೆಗೆ ಬಂದೊಡನೆ ಮತ್ತೆ ಗಾಳಿ ತುಂಬಬೇಕು. ಇದಕ್ಕೆ ಖರ್ಚೆಂದರೆ ಒಂದು ಚಿಕ್ಕ ಕಂಪ್ರೆಸರ್ ಮಾತ್ರ. ನಾಟಿಗೆ ಮುನ್ನ ಗದ್ದೆ ತುಳಿಸಲು ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕುವ ರೈತರಿಗೆ ಕೆಸರಿನ ಚಕ್ರ ಬೇರೆ, ರಸ್ತೆಯ ಚಕ್ರ ಬೇರೆ ಎಂಬುದು ಹೊಸ ವಿಷಯವಲ್ಲ.

ಪಾಂಡವಪುರದ ಕುಂತಿಬೆಟ್ಟದ ಸುತ್ತಣ ಬಂಡೆನೆಲದಲ್ಲಿ ಹಾಗೂ ನಾಗಮಂಗಲದ ಮಳೆಯಾಶ್ರಿತ ಹೊಲಗಳ ಕೊರಕಲು ದಾರಿಗಳಲ್ಲಿ ಡಿಫರೆನ್ಷಿಯಲ್‌ನ ಎತ್ತರವೂ, ಒಂದು ಚಕ್ರ ಇಳಿದಾಗ ಉಳಿದವು ನೆಲ ಬಿಡದಷ್ಟು ಸಸ್ಪೆನ್ಷನ್ ಬಾಗುವುದೂ ಬೇಕಾಗುತ್ತದೆ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಯ ದಡ ಮತ್ತು ಹಿನ್ನೀರಿನ ಅಂಚುಗಳಲ್ಲಿ ಮೇಲೆ ಒಣಗಿದಂತೆ ಕಂಡ ಹೂಳು ಒಳಗೆ ಮೆತ್ತಗಿರಬಹುದು. ಅಲ್ಲಿ ಹೂತ ವಾಹನವನ್ನು ದೊಡ್ಡ ಟೈರು ತನ್ನ ತಿರುಗುವಿಕೆಯಿಂದಲೇ ಇನ್ನಷ್ಟು ಆಳಕ್ಕೆ ಇಳಿಸುತ್ತದೆ.

ಎತ್ತರಿಸಿದ ವಾಹನಕ್ಕೆ ಈ ಭಾಗದ ಅತ್ಯಂತ ಅಪಾಯದ ಜಾಗ ಬೆಟ್ಟವಲ್ಲ, ನಾಲೆಯ ಏರಿ. ಏರಿ ಕಿರಿದು, ಅಂಚು ಸಡಿಲ, ಪಕ್ಕದಲ್ಲೇ ಆಳವಾದ ನೀರು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಆ ದುರಂತಕ್ಕೂ ವಾಹನದ ಮಾರ್ಪಾಡಿಗೂ ಸಂಬಂಧವಿಲ್ಲ. ಆದರೆ ಏರಿಯ ಮೇಲೆ ಚಕ್ರ ಅಂಚು ತಪ್ಪಿದರೆ ಒದಗುವುದೇನೆಂದು ಅದು ತೋರಿಸಿತು. ಗುರುತ್ವ ಕೇಂದ್ರ ಮೇಲೇರಿ, ಸ್ಟಿಯರಿಂಗ್ ಸಡಿಲವಾಗಿ, ಬ್ರೇಕು ದುರ್ಬಲವಾದ ವಾಹನಕ್ಕೆ ಅಲ್ಲಿ ತಪ್ಪು ತಿದ್ದಿಕೊಳ್ಳಲು ಇರುವ ಅವಕಾಶ ಇನ್ನೂ ಕಡಿಮೆ.

ಕಾನೂನು

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಪಘಾತವಾದಾಗ ವಿಮಾ ಸಂಸ್ಥೆಗೆ ತಿಳಿಸದ ಮಾರ್ಪಾಡು ಪರಿಹಾರದ ವಿವಾದಕ್ಕೆ ಕಾರಣವಾಗಬಹುದು. ಅದೇ ಮಾದರಿಯ ಬೇರೊಂದು ಅವತರಣಿಕೆಗೆ ತಯಾರಕರೇ ಕೊಡುವ ಟೈರಿನ ಗಾತ್ರವನ್ನು ಆರಿಸುವುದು ಹೆಚ್ಚು ಸುರಕ್ಷಿತ. 2020ರ ಥಾರ್ ಅನ್ನು 245/75 ಆರ್16 ಮತ್ತು 255/65 ಆರ್18 ಎಂಬ ಎರಡು ಗಾತ್ರಗಳಲ್ಲಿ ಮಾರಲಾಯಿತು. ಅವುಗಳ ವ್ಯಾಸದ ಅಂತರ ಕೇವಲ 15 ಮಿ.ಮೀ.

ವಾಹನ ಯಾವುದೇ ಇರಲಿ, ತೋಳಗಳಿಗೆ ಹೆಸರಾದ ಮೇಲುಕೋಟೆ ವನ್ಯಜೀವಿಧಾಮ ಮತ್ತು ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನವಿಲುಧಾಮದೊಳಕ್ಕೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಓಡಿಸುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅಡಿಯಲ್ಲಿ ಅಪರಾಧವಾಗುತ್ತದೆ.